ಕೊಕುಗೊ ಕೋಣೆಯ ಕಥೆ: ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಜಪಾನಿ ನುಡಿ ಮತ್ತು ಸಾಹಿತ್ಯದ ವ್ಯಾಸಂಗ

ಕನ್ನಡ ವಿಭಾಗದ ಸ್ಮರಣ ಸಂಚಿಕೆಯಲ್ಲಿ ಟೋಕಿಯೊಗೇನು ಕೆಲಸ ಎಂದು ಹಳೆಯ ವಿದ್ಯಾರ್ಥಿಗಳು ಕೇಳಿದರೆ ತಪ್ಪಿಲ್ಲ. ಮೈಸೂರಿನಲ್ಲಿ ಕನ್ನಡ ಎಂ.ಎ. ಶುರುವಾದದ್ದು 1927ರಲ್ಲಿ. ಮನೆಯಲ್ಲಿ ಆಡುವ ಮಾತನ್ನು ಎಂ.ಎ. ತನಕ ಓದುವುದಕ್ಕೆ ಏನಿದೆ ಎಂಬ ಕುಹಕವನ್ನು ಆ ಪೀಳಿಗೆಯವರು ಕೇಳಿಸಿಕೊಂಡೇ ಪಾಠ ಮಾಡಿದರು. ಇದೇ ಕುಹಕ ಅದಕ್ಕಿಂತ ಸುಮಾರು ಅರ್ಧ ಶತಮಾನ ಮುಂಚೆ ಟೋಕಿಯೊದಲ್ಲೂ ಕೇಳಿಬಂದಿತ್ತು. ಅವರು ಅದಕ್ಕೆ ಕೊಟ್ಟ ಉತ್ತರದಲ್ಲಿ ನಾವು ಮೆಚ್ಚಬೇಕಾದದ್ದಿದೆ, ನೋಡಿ ಎಚ್ಚರಗೊಳ್ಳಬೇಕಾದದ್ದೂ ಇದೆ. (ಜಪಾನಿಯರ ರೂಢಿಯಂತೆ ಮನೆತನದ ಹೆಸರನ್ನು ಇಲ್ಲಿ ಮೊದಲು ಬರೆದಿದ್ದೇನೆ.)

ಟೋಕಿಯೊ ವಿಶ್ವವಿದ್ಯಾಲಯ ಹುಟ್ಟಿದ್ದು 1877ರಲ್ಲಿ. ಮೊದಲ ವರ್ಷಗಳಲ್ಲಿ ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ, ದುಬಾರಿ ಸಂಬಳದ ವಿದೇಶಿ ಅಧ್ಯಾಪಕರ ಬಾಯಲ್ಲಿ ನಡೆಯುತ್ತಿದ್ದವು. ಸಾಹಿತ್ಯ ನಿಕಾಯದ ಮೂಲೆಯಲ್ಲಿ ಜಪಾನಿ ಮತ್ತು ಚೀನೀ ಪ್ರಾಚೀನ ಗ್ರಂಥಗಳಿಗೆಂದು ಒಂದು ಜಂಟಿ ವಿಭಾಗವಿತ್ತು. ಅದಕ್ಕೆ ವಿದ್ಯಾರ್ಥಿಗಳ ಬರ. ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಕಾತೊ ಹಿರೊಯುಕಿ ಅವರಿಗೆ ಹಳೆಯ ಗ್ರಂಥಗಳನ್ನು ಓದಬಲ್ಲವರೇ ಇಲ್ಲವಾದಾರು ಎಂಬ ಆತಂಕ. ಅವರ ಒತ್ತಾಯದಿಂದ 1882ರಲ್ಲಿ ಪ್ರಾಚೀನ ಗ್ರಂಥಗಳ ವಿಶೇಷ ತರಗತಿಯೊಂದು ತೆರೆಯಿತು. ಅಲ್ಲಿ ಪಾಠ ಹೇಳಿದ ಕೊನಾಕಾಮುರಾ ಕಿಯೊನೊರಿಯಂಥವರು ಹಳೆಯ ಗುರುಪರಂಪರೆಯಲ್ಲಿ ಬೆಳೆದ ಪಂಡಿತರು. ಮುಂದೆ ದೊಡ್ಡ ಕವಿಯೂ ‘ಮಾನ್‌ಯೋಶೂ’ ಸಂಕಲನದ ವಿದ್ವಾಂಸನೂ ಆದ ಸಸಾಕಿ ನೊಬುತ್ಸುನಾ ಆ ತರಗತಿಗೆ ಸೇರಿದಾಗ ಇನ್ನೂ ಹುಡುಗ. ಆ ತರಗತಿ 1888ಕ್ಕೆ ಮುಚ್ಚಿತು. ಬಾಳಿದ್ದು ಆರೇ ವರ್ಷ, ಆದರೆ ಮುಂದಿನ ಪೀಳಿಗೆಯ ಅಧ್ಯಾಪಕರಲ್ಲಿ ಹಲವರು ಬಂದದ್ದು ಅಲ್ಲಿಂದಲೇ.

1886ರಲ್ಲಿ ಸಂಸ್ಥೆಗೆ ‘ಸಾಮ್ರಾಜ್ಯ ವಿಶ್ವವಿದ್ಯಾಲಯ’ ಎಂಬ ಹೊಸ ಹೆಸರು ಬಂತು. ಅದರ ಜೊತೆಗೇ ಸ್ನಾತಕೋತ್ತರ ಶಾಲೆ, ಭಾಷಾಶಾಸ್ತ್ರದ ವಿಭಾಗ ಎರಡೂ ಬಂದವು. ಜಪಾನಿ ಭಾಷೆ ಮತ್ತು ಭಾಷಾಶಾಸ್ತ್ರಕ್ಕೆ ಪ್ರಾಧ್ಯಾಪಕರಾಗಿ ನೇಮಕಗೊಂಡವರು ಯಾರು? ಬೇಸಿಲ್ ಹಾಲ್ ಚೇಂಬರ್ಲೇನ್ ಎಂಬ ಇಂಗ್ಲಿಷರವನು. 1873ರಲ್ಲಿ ಜಪಾನಿಗೆ ಬಂದು, ನೌಕಾಪಡೆಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತ, ಜಪಾನಿ ಭಾಷೆಯ ಅತಿ ಹಳೆಯ ಗ್ರಂಥವಾದ ‘ಕೊಜಿಕಿ’ಯನ್ನೇ ಅನುವಾದ ಮಾಡಿದವರು. ಅವರಿಗೆ ಯಾವ ವಿಶ್ವವಿದ್ಯಾಲಯದ ಪದವಿಯೂ ಇರಲಿಲ್ಲ. ಜಪಾನಿಯರಿಗೆ ಜಪಾನಿ ವ್ಯಾಕರಣವನ್ನು ಪರದೇಶಿಯೊಬ್ಬ ಹೇಳಿಕೊಡುವುದನ್ನು ನೆನೆದು ನಾವು ನಗುವ ಹಾಗಿಲ್ಲ. ಕಿಟೆಲ್ ಅವರ ನಿಘಂಟು ಮಗ್ಗುಲಲ್ಲಿಲ್ಲದೆ ನಮ್ಮಲ್ಲಿ ಯಾರು ಹಳಗನ್ನಡ ಓದಿದ್ದೇವೆ?

ಚೇಂಬರ್ಲೇನ್ ಅವರ ಆಸಕ್ತಿ ರಾಜಧಾನಿಯ ನುಡಿಯಲ್ಲೇ ನಿಲ್ಲಲಿಲ್ಲ. 1887ರಲ್ಲಿ ಸಾಹಿತ್ಯ ನಿಕಾಯ ಹೊರತಂದ ಮೊದಲ ಪ್ರೌಢ ಪ್ರಬಂಧ ಅವರದು. ಅದರ ವಿಷಯ, ಉತ್ತರದ ದ್ವೀಪದ ಐನು ಜನರ ಭಾಷೆಯ ಬೆಳಕಿನಲ್ಲಿ ಜಪಾನಿನ ನುಡಿ, ಪುರಾಣ ಮತ್ತು ಊರಹೆಸರುಗಳು. ಅನಂತರ ತೆಂಕಣದ ರ್‍ಯೂಕ್ಯೂ ದ್ವೀಪಗಳ ಭಾಷೆಗೂ ವ್ಯಾಕರಣ ಬರೆದರು. ನಡುನಾಡಿನ ಮಾತನ್ನು ಅರಿಯಬೇಕಾದರೆ ಅಂಚಿನವರನ್ನು ಕೇಳಬೇಕು ಎಂಬ ಈ ಪಾಠವನ್ನು ಚೆನ್ನಾಗಿ ಕಲಿತ ಶಿಷ್ಯ ಉಯೇದ ಕಜುತೋಶಿ. ಅದನ್ನು ಪಕ್ಕಕ್ಕೆ ಸರಿಸಿದ ಶಿಷ್ಯರೂ ಅವರೇ ಎಂಬುದು ಈ ವಿಭಾಗದ ಇತಿಹಾಸದ ಗಂಟು.

1867ರಲ್ಲಿ ಹುಟ್ಟಿದ ಉಯೇದ, ಚೇಂಬರ್ಲೇನ್ ಅವರ ಬಳಿ ಕಲಿತು 1890ರಲ್ಲಿ ಸರ್ಕಾರಿ ಖರ್ಚಿನಲ್ಲಿ ಜರ್ಮನಿಗೆ ಹೋದರು. ಬರ್ಲಿನ್ ಮತ್ತು ಲೈಪ್‌ಜಿಗ್‌ಗಳಲ್ಲಿ ಧ್ವನಿನಿಯಮಗಳ ಹೊಸ ಶಾಸ್ತ್ರ ಬಿಸಿಬಿಸಿಯಾಗಿದ್ದ ಕಾಲವದು. 1894ರಲ್ಲಿ ಮರಳಿ ಪ್ರಾಧ್ಯಾಪಕರಾದರು. ಮಂಗಳೂರಿನಲ್ಲಿ ಕಿಟೆಲ್ ನಿಘಂಟು ಅಚ್ಚಾಗಿ ಹೊರಬಂದದ್ದೂ ಅದೇ ವರ್ಷ. ಚೀನಾದ ಮೇಲೆ ಯುದ್ಧ ನಡೆಯುತ್ತಿದ್ದ ಆ ಅಕ್ಟೋಬರಿನಲ್ಲಿ ಉಯೇದ ‘ಕೊಕುಗೊ ಮತ್ತು ರಾಷ್ಟ್ರ’ ಎಂಬ ಉಪನ್ಯಾಸ ಕೊಟ್ಟರು. ‘ಕೊಕು’ ಎಂದರೆ ದೇಶ, ‘ಗೊ’ ಎಂದರೆ ನುಡಿ. ಭಾಷೆಯನ್ನು ಅವರು ಜನರ ಮೈಯ ನೆತ್ತರಿಗೆ ಹೋಲಿಸಿದರು. ಸಭೆಗೆ ರೋಮಾಂಚನವಾಗಿರಬೇಕು. ಹೋಲಿಕೆ ಎಷ್ಟು ದೂರ ಹೋಗುತ್ತದೆಂಬ ಯೋಚನೆ ಆಗ ಯಾರಿಗೆ ಬಂದೀತು?

1897ರಲ್ಲಿ ಅವರು ‘ಕೊಕುಗೊ ಕೆನ್‌ಕ್ಯೂಶಿತ್ಸು’, ಅಂದರೆ ದೇಶನುಡಿಯ ಸಂಶೋಧನಾ ಕೋಣೆಯನ್ನು ಕಟ್ಟಿದರು. ಕೋಣೆ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಿ. ಜಪಾನಿ ವಿಶ್ವವಿದ್ಯಾಲಯಗಳಲ್ಲಿ ವಿಭಾಗದ ಜೀವ ಇರುವುದು ಇಂಥ ಒಂದು ಕೋಣೆಯಲ್ಲಿ: ಸುತ್ತ ಪುಸ್ತಕದ ಕಪಾಟು, ನಡುವೆ ಉದ್ದನೆಯ ಮೇಜು, ಅದರ ಸುತ್ತ ಗುರು, ಸಹಾಯಕ, ಸಂಶೋಧನ ವಿದ್ಯಾರ್ಥಿಗಳು.

ಆ ಕೋಣೆಯ ಮೊದಲ ವರ್ಷಗಳ ಕೆಲಸಗಳಲ್ಲಿ ಒಂದನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಅದು ಕನ್ನಡಿಗರಿಗೆಂದೇ ಹೇಳಿ ಮಾಡಿಸಿದಂತಿದೆ. ಇವತ್ತಿನ ಜಪಾನಿಯಲ್ಲಿ ಹೂವಿಗೆ ‘ಹನ’. ಅಲ್ಲಿನ ‘ಹ’ಕಾರ ಮೊದಲು ‘ಪ’ಕಾರವಾಗಿತ್ತು ಎಂದು ಉಯೇದ 1898ರ ಒಂದು ಲೇಖನದಲ್ಲಿ ವಾದಿಸಿದರು. ಪಾಶ್ಚಾತ್ಯ ವಿದ್ವಾಂಸರಲ್ಲಿ ಕೆಲವರು ಇದನ್ನು ಆಗಲೇ ಸೂಚಿಸಿದ್ದರು, ಉಯೇದ ಅದಕ್ಕೆ ಪ್ರಮಾಣಗಳನ್ನು ಒಟ್ಟುಗೂಡಿಸಿದರು. ಜಪಾನಿ ಬರವಣಿಗೆಯಲ್ಲಿ ಅಕ್ಷರದ ಹೆಗಲಿಗೆ ಎರಡು ಚುಕ್ಕೆ ಇಟ್ಟರೆ ‘ಕ’ ಹೋಗಿ ‘ಗ’, ‘ತ’ ಹೋಗಿ ‘ದ’ ಆಗುತ್ತದೆ. ‘ಹ’ಕ್ಕೆ ಚುಕ್ಕೆ ಇಟ್ಟರೆ ಬರುವುದು ‘ಬ’. ‘ಬ’ಕಾರದ ಜೋಡಿ ‘ಪ’ ತಾನೆ? ರ್‍ಯೂಕ್ಯೂ ದ್ವೀಪಗಳ ಮಿಯಾಕೊದಲ್ಲಿ ಹೂವಿಗೆ ಇಂದಿಗೂ ‘ಪನ’. ನಡುವಿನ ಹಂತಕ್ಕೂ ಸಾಕ್ಷಿಯಿದೆ. 1592ರಲ್ಲಿ ಅಮಾಕುಸದ ಪಾದ್ರಿಗಳು ‘ಹೆಯಿಕೆ’ ವಂಶದ ಕಥೆಯನ್ನು ರೋಮನ್ ಅಕ್ಷರದಲ್ಲಿ ಅಚ್ಚು ಹಾಕಿದಾಗ ಮೊದಲ ಅಕ್ಷರಕ್ಕೆ ಬಳಸಿದ್ದು ‘ಫ’ಕಾರದ ಲಿಪಿಯನ್ನು.

ಪಾಲ್ ಹಾಲಾಗಿ, ಪುಲಿ ಹುಲಿಯಾಗಿ, ಪೂ ಹೂವಾದ ನುಡಿಯಲ್ಲಿ ಹುಟ್ಟಿದ ನಮಗೆ ಇದು ಅಚ್ಚರಿಯಲ್ಲ, ನೆಂಟಸ್ತಿಕೆಯಂತೆ ಕಾಣುತ್ತದೆ. ನೆಂಟಸ್ತಿಕೆಯೇನೂ ಇಲ್ಲ. ಪಕಾರ ಹಕಾರಕ್ಕೆ ಜಾರುವುದು ಲೋಕದ ಹಲವು ಭಾಷೆಗಳಲ್ಲಿ ತಾನಾಗಿ ನಡೆದಿರುವ ಸಂಗತಿ. ಆದರೆ ಇನ್ನೊಂದು ಪ್ರಮಾಣವಿದೆ, ಅದನ್ನು ಓದಲು ಕನ್ನಡ ಒಂದನೇ ತರಗತಿಯ ಓದು ಸಾಕು. ಜಪಾನಿ ಮಕ್ಕಳು ಬಾಯಿಪಾಠ ಮಾಡುವ ಅಕ್ಷರಮಾಲೆಯ ಅನುಕ್ರಮವನ್ನು ಕೊಟ್ಟವರು ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಮಂತ್ರಗಳನ್ನು ಕಲಿಯುತ್ತಿದ್ದ ಬೌದ್ಧ ಭಿಕ್ಷುಗಳು. ಅಕ್ಷರಸಾಲುಗಳು ಹೀಗೆ ಬರುತ್ತವೆ: ಅ, ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯನ್ನು ಪಕ್ಕದಲ್ಲಿಟ್ಟು ನೋಡಿ. ತವರ್ಗ, ಅದರ ಅನುನಾಸಿಕ ನ, ಆಮೇಲೆ ಪವರ್ಗ, ಅದರ ಅನುನಾಸಿಕ ಮ. ನಕಾರಕ್ಕೂ ಮಕಾರಕ್ಕೂ ನಡುವಿನ ಪಕಾರದ ಮಣೆಯ ಮೇಲೆ ಜಪಾನಿಯ ‘ಹ’ ಕುಳಿತಿದೆ. ಮಣೆ ಹಾಕಿದ ಭಿಕ್ಷುಗಳಿಗೆ ಅದು ತುಟಿಯಲ್ಲಿ ಹುಟ್ಟುವ ಅಕ್ಷರವೆಂಬುದು ಗೊತ್ತಿತ್ತು.

ಉಯೇದ ಅವರ ಸುತ್ತ ಸೇರಿದ ಶಿಷ್ಯರ ಪೀಳಿಗೆ ಅಸಾಮಾನ್ಯವಾದದ್ದು. ಮುಂದೆ ‘ಕೋಜಿಯೆನ್’ ನಿಘಂಟಿನ ಸಂಪಾದಕರಾದ ಶಿಮ್ಮುರಾ ಇಜುರು, ಕೊರಿಯದ ಪ್ರಾಚೀನ ಗೀತೆಗಳನ್ನು ಬಿಡಿಸಿದ ಒಗುರಾ ಶಿಂಪೆಯಿ, ಜೊತೆಗೆ ಹಶಿಮೊತೊ ಶಿಂಕಿಚಿ, ಕಿಂದಾಯಿಚಿ ಕ್ಯೋಸುಕೆ, ಇಹಾ ಫುಯೂ. ಇವರಲ್ಲಿ ಇಹಾ ಒಕಿನಾವದವರು. ತಮ್ಮ ದ್ವೀಪದ ಹಳೆಯ ಹಾಡುಗಳ ಸಂಗ್ರಹವಾದ ‘ಒಮೊರೊ ಸೋಶಿ’ಯನ್ನು ಓದುವ ದಾರಿಯನ್ನು ಟೋಕಿಯೊದಲ್ಲಿ ಕಲಿತು, 1906ರಲ್ಲಿ ಪದವಿ ಪಡೆದು ಊರಿಗೆ ಮರಳಿದರು. ಊರಿನ ಶಾಲೆಗಳಲ್ಲಿ ಆಗ ಒಕಿನಾವದ ನುಡಿಯಾಡಿದ ಮಗುವಿನ ಕೊರಳಿಗೆ ಅವಮಾನದ ಹಲಗೆ ತೂಗಿಬಿಡುವ ಪದ್ಧತಿಯಿತ್ತು. ಆ ಹಲಗೆಗೆ ಬಲ ಬಂದದ್ದು ‘ಕೊಕುಗೊ’ ಎಂಬ ಪದದಿಂದ. ಇಹಾ ಅವರಿಗೆ ವಿದ್ಯೆ ಬಂದದ್ದೂ ಆ ಪದವನ್ನು ಬೆಳೆಸಿದ ಗುರುವಿನಿಂದಲೇ.

ಕಿಂದಾಯಿಚಿ ಉತ್ತರಕ್ಕೆ ಹೋಗಿ ಐನು ಜನರ ಮೌಖಿಕ ಕಾವ್ಯಗಳನ್ನು ಬರೆದುಕೊಂಡರು. ಆ ಕೆಲಸದಲ್ಲಿ ಅವರಿಗೆ ನೆರವಾದ ಹುಡುಗಿ ಚಿರಿ ಯುಕಿಯೆ. ಅವಳೂ ಐನು, ಅಜ್ಜಿಯ ಬಾಯಿಂದ ಹಾಡು ಕೇಳಿ ಬೆಳೆದವಳು. 1922ರಲ್ಲಿ ಟೋಕಿಯೊಗೆ ಬಂದು ಅವರ ಮನೆಯಲ್ಲಿದ್ದುಕೊಂಡು ಹದಿಮೂರು ಹಾಡುಗಳನ್ನು ರೋಮನ್ ಲಿಪಿಯಲ್ಲಿ ಬರೆದು ಜಪಾನಿಗೆ ಅನುವಾದಿಸುವ ಕೆಲಸವನ್ನು ಮುಗಿಸಿದಳು. ಆ ಸೆಪ್ಟೆಂಬರಿನಲ್ಲೇ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಹೃದಯರೋಗದಿಂದ ತೀರಿಕೊಂಡಳು. ಪುಸ್ತಕ ಬಂದದ್ದು ಮರುವರ್ಷದ ಆಗಸ್ಟಿನಲ್ಲಿ. ಐನು ವ್ಯಕ್ತಿಯೊಬ್ಬರು ತಮ್ಮ ನುಡಿಯ ಕಾವ್ಯವನ್ನು ತಾವೇ ಪುಸ್ತಕವಾಗಿಸಿದ ಮೊದಲ ಉದಾಹರಣೆ ಅದು. ಅವಳ ತಮ್ಮ ಚಿರಿ ಮಶಿಹೊ ಟೋಕಿಯೊದ ಭಾಷಾಶಾಸ್ತ್ರ ವಿಭಾಗದಲ್ಲೇ ಓದಿ 1937ರಲ್ಲಿ ಪದವಿ ಪಡೆದರು. ಹೊಕ್ಕೈದೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಹಿರಿಯ ವಿದ್ವಾಂಸರ ಐನು ಪಾಂಡಿತ್ಯದ ತಪ್ಪುಗಳನ್ನು ಒಂದೂ ಬಿಡದೆ ಎತ್ತಿ ತೋರಿಸಿದರು. ಗುರುಗಳಿಗೆ ಕಹಿಯಾಗಿರಬಹುದು. ವಿಭಾಗವೊಂದು ಗೆದ್ದಿತು ಎನ್ನಬೇಕಾದದ್ದು ಇಂಥ ಶಿಷ್ಯ ಎದ್ದು ನಿಂತಾಗಲೇ ಎಂದು ನನ್ನ ಎಣಿಕೆ.

ಹಶಿಮೊತೊ ಅವರದು ಇನ್ನೊಂದು ಬಗೆಯ ಬಾಳು. 1909ರಲ್ಲಿ ಕೊಕುಗೊ ಕೋಣೆಗೆ ಸಹಾಯಕರಾಗಿ ಸೇರಿದವರು 1927ರ ತನಕ ಸಹಾಯಕರಾಗಿಯೇ ಉಳಿದರು. ಹದಿನೆಂಟು ವರ್ಷ! ಬಡ್ತಿಯ ಪಟ್ಟಿ ನೋಡಿ ನಿಟ್ಟುಸಿರು ಬಿಡುವ ನಮ್ಮ ಅಧ್ಯಾಪಕ ಮಿತ್ರರಿಗೆ ಇದನ್ನು ಓದಿ ಸ್ವಲ್ಪ ಸಮಾಧಾನವಾಗಲಿ. ಆ ಅವಧಿಯಲ್ಲೇ, 1917ರಲ್ಲಿ, ಅವರು ಪ್ರಕಟಿಸಿದ ಸಂಶೋಧನೆ ಪ್ರಾಚೀನ ಜಪಾನಿಯ ಚಿತ್ರವನ್ನೇ ಬದಲಿಸಿತು. ಎಂಟನೆಯ ಶತಮಾನದ ಜಪಾನಿಯನ್ನು ಬರೆದದ್ದು ಚೀನೀ ಅಕ್ಷರಗಳಲ್ಲಿ, ಧ್ವನಿಗೆ ಮಾತ್ರ ಹೊಂದಿಸಿ. ‘ಕೊ’ ಎಂಬ ಒಂದೇ ಉಚ್ಚಾರಕ್ಕೆ ಹಲವು ಅಕ್ಷರಗಳು ಬಳಕೆಯಲ್ಲಿದ್ದವು. ಅವನ್ನು ಲೇಖಕರು ಮನ ಬಂದಂತೆ ಬಳಸಿಲ್ಲ, ಎರಡು ಗುಂಪಾಗಿ ಬೇರ್ಪಡಿಸಿದ್ದಾರೆ ಎಂದು ಹಶಿಮೊತೊ ಕಂಡರು. ‘ಮಗು’ ಎಂಬರ್ಥದ ‘ಕೊ’ಗೆ ಒಂದು ಗುಂಪು, ‘ಹೃದಯ’ ಎಂಬರ್ಥದ ‘ಕೊಕೊರೊ’ಗೆ ಇನ್ನೊಂದು. ಒಂದು ಗುಂಪಿನ ಅಕ್ಷರ ಇನ್ನೊಂದರ ಕಡೆಗೆ ಹಾಯುವುದಿಲ್ಲ. ಅಂದಮೇಲೆ ಈಗ ಒಂದಾಗಿರುವ ಸ್ವರಗಳು ಆಗ ಎರಡಾಗಿದ್ದವು. ಇವತ್ತು ಐದು ಸ್ವರಗಳಿರುವ ಭಾಷೆಗೆ ಅಂದು ಎಂಟಿದ್ದವೆಂಬ ವಾದ ಹುಟ್ಟಿದ್ದು ಇಲ್ಲಿಂದ. ಈ ಅಕ್ಷರಭೇದವನ್ನು ನೂರಕ್ಕೂ ಹೆಚ್ಚು ವರ್ಷ ಮುಂಚೆ, ಮಹಾಪಂಡಿತ ಮೊತೊಒರಿ ನೊರಿನಾಗರ ಶಿಷ್ಯ ಇಶಿಜುಕಾ ತತ್ಸುಮಾರೊ ಪಟ್ಟಿ ಮಾಡಿಟ್ಟಿದ್ದ. ಯಾರೂ ಅದರ ಬೆಲೆ ಅರಿತಿರಲಿಲ್ಲ. ಹಶಿಮೊತೊ ಆ ಮರೆತ ಶಿಷ್ಯನ ಹೆಸರನ್ನು ಮುಂದಿಟ್ಟೇ ತಮ್ಮ ಮಾತು ಹೇಳಿದರು.

ಸಾಹಿತ್ಯದ ಕಡೆಯ ಕಥೆ ಒಂದು ಹಡಗಿನಿಂದ ಶುರುವಾಗುತ್ತದೆ. 1900ರ ಸೆಪ್ಟೆಂಬರಿನಲ್ಲಿ ಯೊಕೊಹಾಮಾದಿಂದ ಹೊರಟ ಜರ್ಮನ್ ಹಡಗು ‘ಪ್ರೊಯಿಸೆನ್’ನಲ್ಲಿ ಇಬ್ಬರು ಸರ್ಕಾರಿ ವಿದ್ಯಾರ್ಥಿಗಳಿದ್ದರು. ಒಬ್ಬರು ಲಂಡನ್ನಿಗೆ ಹೊರಟ ನತ್ಸುಮೆ ಸೋಸೆಕಿ, ಇನ್ನೊಬ್ಬರು ಬರ್ಲಿನ್ನಿಗೆ ಹೊರಟ ಹಗ ಯಾಯಿಚಿ. ಸೋಸೆಕಿ ಲಂಡನ್ನಿನಲ್ಲಿ ಒಂಟಿತನದಿಂದ ನರಳಿ, ಹಿಂತಿರುಗಿ ಕೆಲವು ವರ್ಷ ಇಂಗ್ಲಿಷ್ ಪಾಠ ಮಾಡಿ, 1907ರಲ್ಲಿ ವಿಶ್ವವಿದ್ಯಾಲಯವನ್ನೇ ಬಿಟ್ಟು ಕಾದಂಬರಿಕಾರರಾದರು. ಹಗ ಅವರು ಜರ್ಮನ್ನರ ಗ್ರಂಥಸಂಪಾದನ ಶಾಸ್ತ್ರವನ್ನು ಹೊತ್ತು ತಂದರು. ಹಸ್ತಪ್ರತಿಗಳನ್ನು ಹೋಲಿಸಿ ಶುದ್ಧಪಾಠ ನಿರ್ಣಯಿಸುವುದು, ಆಮೇಲೆ ವ್ಯಾಖ್ಯಾನ, ಅದಾದ ಮೇಲೆ ಚರಿತ್ರೆ: ಈ ಕ್ರಮ ಅಂದಿನಿಂದ ವಿಭಾಗದ ನಡೆಯಾಯಿತು. ನೊರಿನಾಗರ ಪರಂಪರೆಯೂ ಇದೇ ಅಲ್ಲವೆ ಎಂದು ಹಗ ವಾದಿಸಿದರು, ಅದು ಜಾಣತನ. ಹೊಸ ಸರಕು ಊರ ಸಂತೆಯಲ್ಲಿ ಬೇಗ ಮಾರಿಹೋಗಬೇಕಾದರೆ ಹಳೆಯ ಅಂಗಡಿಯ ಹೆಸರು ಬೇಕು.

ಆ ನಡೆಯ ತುತ್ತತುದಿ ಇಕೆದಾ ಕಿಕಾನ್ ಅವರ ‘ಗೆಂಜಿ’ ಕೆಲಸ. ಹಗ ಅವರ ಗೌರವಾರ್ಥ ‘ಗೆಂಜಿ ಮೊನೊಗತಾರಿ’ ಎಂಬ ಪ್ರಾಚೀನ ಕಥಾಕೃತಿಗೆ ಒಂದು ವ್ಯಾಖ್ಯಾನ ಬರೆಯಬೇಕೆಂದು ಯೋಜನೆ ಶುರುವಾಯಿತು. ವ್ಯಾಖ್ಯಾನಕ್ಕೆ ಮೊದಲು ಪಾಠ ನೆಟ್ಟಗಾಗಬೇಕಲ್ಲ ಎಂದು ಇಕೆದಾ ದೇಶದ ಸಂಗ್ರಹಗಳನ್ನೆಲ್ಲ ಜಾಲಾಡಿದರು. 1930ರ ದಶಕದ ಆರಂಭದ ಹೊತ್ತಿಗೆ ‘ಕಾವಾಚಿ’ ಶಾಖೆಯ ಪಾಠವನ್ನು ಆಧಾರವಾಗಿಟ್ಟ ಪಾಠಾಂತರ ಸಂಗ್ರಹ ಒಂದು ರೂಪಕ್ಕೆ ಬಂದಿತ್ತು. ಅಷ್ಟರಲ್ಲಿ ಅದಕ್ಕಿಂತ ಒಳ್ಳೆಯ ‘ಓಶಿಮಾ ಪ್ರತಿ’ ಕೈಗೆ ಬಂತು. ಬೇರೆಯವರಾದರೆ ಅನುಬಂಧದಲ್ಲಿ ಸೇರಿಸಿ ಕೈತೊಳೆದುಕೊಳ್ಳುತ್ತಿದ್ದರು. ಇಕೆದಾ ಆಧಾರಪ್ರತಿಯನ್ನೇ ಬದಲಿಸಿ ಮತ್ತೆ ಮೊದಲಿಂದ ತೊಡಗಿದರು. ಸಂಪುಟಗಳು ಹೊರಬಂದದ್ದು 1942ರಲ್ಲಿ, ಯುದ್ಧದ ನಡುವೆ. ಅವುಗಳ ವಿಸ್ತೃತ ರೂಪ ‘ಗೆಂಜಿ ಮೊನೊಗತಾರಿ ತಾಯಿಸೆಯಿ’ 1956ಕ್ಕೆ ಮುಗಿಯಿತು, ಇಕೆದಾ ಅವರೂ ಅದೇ ವರ್ಷ ತೀರಿಕೊಂಡರು. ಯಾವ ವ್ಯಾಖ್ಯಾನಕ್ಕೆಂದು ಹೊರಟರೋ ಅದು ಆಗಲೇ ಇಲ್ಲ. ಸ್ಮರಣ ಗ್ರಂಥಗಳ ಸಂಪಾದಕ ಮಂಡಳಿಗಳು ಗಮನಿಸಬೇಕಾದ ಸಂಗತಿ.

ತರಗತಿಯ ಕೆಲಸದ ಬಗೆಯೂ ಇದಕ್ಕೆ ತಕ್ಕಂತೆಯೇ. ಉಪನ್ಯಾಸಕ್ಕಿಂತ ‘ಎನ್‌ಶೂ’ ಮುಖ್ಯ. ಒಬ್ಬ ವಿದ್ಯಾರ್ಥಿಯ ಪಾಲಿಗೆ ಒಂದು ಪದ್ಯವೋ ಅರ್ಧ ಪುಟದ ಗದ್ಯವೋ ಬರುತ್ತದೆ. ಸುರುಳಿ ಸುತ್ತಿಕೊಂಡು ಹರಿಯುವ ಹಳೆಯ ಕೈಬರಹವನ್ನು ಅಚ್ಚಿನ ಅಕ್ಷರಕ್ಕೆ ಇಳಿಸಬೇಕು, ಪಾಠಾಂತರ ಕೊಡಬೇಕು, ಪ್ರತಿ ಪದಕ್ಕೂ ಅದೇ ಕಾಲದ ಬೇರೆ ಪ್ರಯೋಗಗಳನ್ನು ಹುಡುಕಬೇಕು, ಹಿಂದಿನ ವ್ಯಾಖ್ಯಾನಕಾರರನ್ನು ಸಾಲಾಗಿ ನಿಲ್ಲಿಸಬೇಕು, ಕೊನೆಗೆ ತನ್ನ ಅಭಿಪ್ರಾಯ ಹೇಳಬೇಕು. ಮೇಜಿನ ಸುತ್ತ ಕುಳಿತವರು ಅದನ್ನು ಹಿಂಜುತ್ತಾರೆ. ಒಂದು ಅವಧಿ ಪೂರ್ತಿ ಕಳೆದರೂ ಗ್ರಂಥದ ಕೆಲವೇ ಹಾಳೆ ದಾಟಿರುತ್ತದೆ. ಡಿ.ಎಲ್. ನರಸಿಂಹಾಚಾರ್ಯರ ಪಾಠ ಕೇಳಿದವರ ನೆನಪುಗಳನ್ನು ಓದಿದವರಿಗೆ ಈ ನಿಧಾನ ಹೊಸದೆನಿಸದು.

ಎಲ್ಲರಿಗೂ ಇದು ಒಗ್ಗಲಿಲ್ಲ. 1908ರಲ್ಲಿ ಸೇರಿದ್ದ ತನಿಜಾಕಿ ಜುನ್‌ಇಚಿರೊ ಶುಲ್ಕ ಕಟ್ಟದೆ ಹೆಸರು ಕಳೆದುಕೊಂಡ; ಅದೇ ತನಿಜಾಕಿ ಆಮೇಲೆ ‘ಗೆಂಜಿ’ಯನ್ನು ಹೊಸ ಜಪಾನಿಗೆ ಮೂರು ಸಲ ತಂದ. ಇಂಗ್ಲಿಷ್ ವಿಭಾಗದಿಂದ ಇತ್ತ ಜಿಗಿದ ಕವಾಬಾತಾ ಯಾಸುನಾರಿ 1924ರಲ್ಲಿ ಹೇಗೋ ಪದವಿ ಮುಗಿಸಿದ, 1968ರಲ್ಲಿ ನೊಬೆಲ್ ಪಡೆದ.

ಕವಾಬಾತಾ ಓದುತ್ತಿದ್ದಾಗಲೇ, 1923ರ ಸೆಪ್ಟೆಂಬರ್ 1ರ ಮಧ್ಯಾಹ್ನ, ಭೂಮಿ ನಡುಗಿತು. ಹಿಂದೆಯೇ ಎದ್ದ ಬೆಂಕಿಗೆ ವಿಶ್ವವಿದ್ಯಾಲಯದ ಗ್ರಂಥಾಲಯ ಆಹುತಿಯಾಯಿತು. ಲಕ್ಷಾಂತರ ಪುಸ್ತಕಗಳ ಜೊತೆ ಸುಟ್ಟುಹೋದದ್ದು ಮ್ಯಾಕ್ಸ್ ಮುಲ್ಲರ್ ಅವರ ಖಾಸಗಿ ಸಂಗ್ರಹ. ಋಗ್ವೇದವನ್ನು ಅಚ್ಚಿಗೆ ತಂದ ಆ ಪಂಡಿತರ ಪುಸ್ತಕಗಳನ್ನು ಅವರು ತೀರಿಕೊಂಡ ಮೇಲೆ ಇವಾಸಾಕಿ ಮನೆತನ ಕೊಂಡು ವಿಶ್ವವಿದ್ಯಾಲಯಕ್ಕೆ ದಾನ ಮಾಡಿತ್ತು. ಚಿರಿ ಯುಕಿಯೆಯ ಪುಸ್ತಕ ಹೊರಬಂದು ಆಗಿನ್ನೂ ಒಂದು ತಿಂಗಳಾಗಿರಲಿಲ್ಲ. ರಾಕ್‌ಫೆಲರ್ ದೇಣಿಗೆಯಿಂದ ಹೊಸ ಗ್ರಂಥಾಲಯ ಎದ್ದದ್ದು 1928ರಲ್ಲಿ. ವಿಭಾಗ ಅಲ್ಲಿಯ ತನಕ ಕೈಕಟ್ಟಿ ಕೂರಲಿಲ್ಲ. ಬೂದಿ ಆರುತ್ತಿದ್ದಂತೆ, 1924ರಲ್ಲಿ, ಫುಜಿಮುರಾ ತ್ಸುಕುರು ಅವರ ಮುಂದಾಳುತನದಲ್ಲಿ ‘ಕೊಕುಗೊ ತೊ ಕೊಕುಬುನ್‌ಗಾಕು’ (ದೇಶನುಡಿ ಮತ್ತು ದೇಶಸಾಹಿತ್ಯ) ಎಂಬ ಮಾಸಪತ್ರಿಕೆ ಆರಂಭವಾಯಿತು. ನೂರು ವರ್ಷ ದಾಟಿದ ಪತ್ರಿಕೆ ಅದು.

ಯುದ್ಧದ ವರ್ಷಗಳ ಬಗ್ಗೆ ಸಂಸ್ಥೆಗಳ ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ತೆಳುವಾಗುತ್ತವೆ. ಉಯೇದ ಅವರ ನೆತ್ತರಿನ ಹೋಲಿಕೆ ಅಷ್ಟರಲ್ಲಿ ಕೊರಿಯ, ತೈವಾನ್‌ಗಳ ಶಾಲೆಗಳನ್ನು ತಲುಪಿತ್ತು. ಅಲ್ಲಿನ ಮಕ್ಕಳಿಗೆ ‘ಕೊಕುಗೊ’ ಎಂದರೆ ತಮ್ಮ ನುಡಿಯಲ್ಲ, ಆಳುವವರ ನುಡಿ. ಸೋಲ್ ನಗರದ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ತೊಕಿಯೆದಾ ಮೊತೊಕಿ 1941ರಲ್ಲಿ ಭಾಷೆಯನ್ನು ವಸ್ತುವಾಗಿ ನೋಡದೆ ಆಡುವವನ ಮನೋವ್ಯಾಪಾರವಾಗಿ ನೋಡುವ ಸಿದ್ಧಾಂತಗ್ರಂಥವನ್ನು ಬರೆದರು, 1943ರಲ್ಲಿ ಹಶಿಮೊತೊ ಅವರ ಪೀಠಕ್ಕೆ ಬಂದರು. ಪುಸ್ತಕ ಮಹತ್ವದ್ದು, ಇಂದೂ ಚರ್ಚೆಯಲ್ಲಿದೆ. ಆಡುವವನ ಮನಸ್ಸೇ ಭಾಷೆಯ ಬೀಡು ಎಂದವರು ಕೊರಿಯದ ಜನ ಕೊಕುಗೊವನ್ನೇ ತಾಯ್ನುಡಿಯಾಗಿ ಮಾಡಿಕೊಳ್ಳಬೇಕೆಂದೂ ಬರೆದರು ಎಂಬುದನ್ನು ಅದರ ಪಕ್ಕದಲ್ಲೇ ಇಟ್ಟು ಓದಬೇಕು.

1946ರಲ್ಲಿ ಮೊದಲ ಬಾರಿಗೆ 19 ಹೆಣ್ಣುಮಕ್ಕಳು ಟೋಕಿಯೊ ವಿಶ್ವವಿದ್ಯಾಲಯಕ್ಕೆ ಸೇರಿದರು. ಉಯೇದ ಅವರ ಮಗಳೇ ಎಂಚಿ ಫುಮಿಕೊ. ಅಪ್ಪನ ವಿಭಾಗದ ಬಾಗಿಲು ಅವಳಿಗೆ ತೆರೆದಿರಲಿಲ್ಲ. ಮನೆಯಲ್ಲೇ ಓದಿ ದೊಡ್ಡ ಕಾದಂಬರಿಕಾರ್ತಿಯಾದಳು, ಎಪ್ಪತ್ತರ ದಶಕದಲ್ಲಿ ‘ಗೆಂಜಿ’ಯನ್ನು ಹೊಸ ಜಪಾನಿಗೆ ತಂದಳು. ಹೊಸ ಮಾದರಿಯ ಸ್ನಾತಕೋತ್ತರ ಶಾಲೆ 1953ರಲ್ಲಿ ಬಂತು. ಆದರೂ ಸಾಹಿತ್ಯ, ಭಾಷೆಗಳಲ್ಲಿ ಡಾಕ್ಟರೇಟ್ ಎಂಬುದು ಬಹುಕಾಲ ಜೀವಮಾನದ ಕೊನೆಯಲ್ಲಿ ತೊಡಿಸುವ ಶಾಲಿನಂತೆಯೇ ಉಳಿಯಿತು. ವಿದ್ಯಾರ್ಥಿಗಳು ಕೋರ್ಸು ಮುಗಿಸಿ, ಪ್ರಬಂಧ ಕೊಡದೆಯೇ ಕೆಲಸಕ್ಕೆ ಹೋಗುತ್ತಿದ್ದರು. ‘ಅಂಕ ಪಡೆದು ನಿರ್ಗಮನ’ ಎಂಬುದೇ ಒಂದು ಗೌರವದ ಅರ್ಹತೆಯಾಗಿತ್ತು.

ಹಶಿಮೊತೊ ಅವರ ಶಿಷ್ಯರಲ್ಲಿ ನಮ್ಮ ಕಡೆಗೆ ತಿರುಗಿ ನೋಡಿದವರು ಓನೊ ಸುಸುಮು. ಪ್ರಾಚೀನ ಜಪಾನಿಯ ನಿಘಂಟು ಕಟ್ಟಿದ ದೊಡ್ಡ ವಿದ್ವಾಂಸರು. ಅರವತ್ತರ ಆಸುಪಾಸಿನಲ್ಲಿ ತಮಿಳು ಕಲಿತು, ಜಪಾನಿಗೂ ತಮಿಳಿಗೂ ನಂಟಿದೆ ಎಂದು ಸಾಧಿಸಲು ಹೊರಟರು. ಅವರು ಮಗ್ಗುಲಲ್ಲಿಟ್ಟುಕೊಂಡದ್ದು ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಘಂಟು, ಹಾಗಾಗಿ ಪುಟಪುಟದಲ್ಲೂ ಕನ್ನಡ ಪದಗಳು ಅವರ ಕಣ್ಣ ಮುಂದಿದ್ದವು. ಜಪಾನಿನ ಓದುಗರು ಪುಸ್ತಕಗಳನ್ನು ಮುಗಿಬಿದ್ದು ಕೊಂಡರು, ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಧ್ವನಿನಿಯಮದ ಜರಡಿ ಸಡಿಲವಾಯಿತು ಎಂಬುದು ಅವರ ಆಕ್ಷೇಪ. ನಾನೂ ಆಕ್ಷೇಪಿಸುವವರ ಕಡೆಯವನೇ. ಆದರೂ ಜರ್ಮನಿ, ಇಂಗ್ಲೆಂಡುಗಳತ್ತಲೇ ನೋಡುತ್ತಿದ್ದ ವಿಭಾಗದಿಂದ ಬಂದ ಒಬ್ಬರು ಮದ್ರಾಸಿಗೆ ಬಂದು ಸಂಗಂ ಕಾವ್ಯಕ್ಕೆ ಕೂತರಲ್ಲ, ಅದಕ್ಕೊಂದು ನಮಸ್ಕಾರ.

ಉಳಿದದ್ದು ಹೆಸರಿನ ಮಾತು. 1944ರಲ್ಲಿ ಸ್ಥಾಪನೆಯಾದ ವಿದ್ವಾಂಸರ ಸಂಘಕ್ಕೆ ‘ಕೊಕುಗೊ ಗಕ್ಕಾಯಿ’ ಎಂದೇ ಹೆಸರಿತ್ತು. ವಿದೇಶಿ ವಿದ್ಯಾರ್ಥಿಗಳು ಕಲಿಯುವ ಅದೇ ಭಾಷೆಗೆ ‘ನಿಹೊಂಗೊ’, ಅಂದರೆ ಜಪಾನಿ ನುಡಿ ಎಂಬ ಹೆಸರಿರುವಾಗ, ವಿದ್ವಾಂಸರಿಗೆ ಮಾತ್ರ ಅದು ‘ದೇಶನುಡಿ’ ಯಾಕೆ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಸದಸ್ಯರ ಮತ ಪಡೆದು 2004ರಲ್ಲಿ ಸಂಘ ‘ನಿಹೊಂಗೊ ಗಕ್ಕಾಯಿ’ ಆಯಿತು. ಟೋಕಿಯೊ ವಿಶ್ವವಿದ್ಯಾಲಯದಲ್ಲೂ ಕೋರ್ಸಿನ ಹೆಸರು ಈಗ ‘ಜಪಾನಿ ನುಡಿ, ಜಪಾನಿ ಸಾಹಿತ್ಯ’. ಉಯೇದ 1897ರಲ್ಲಿ ಕಟ್ಟಿದ ಕೋಣೆಯ ಹೆಸರು ಮಾತ್ರ ಇವತ್ತಿಗೂ ಕೊಕುಗೊ ಕೆನ್‌ಕ್ಯೂಶಿತ್ಸು.